ಅಮಾವಾಸ್ಯೆಯ ಸೊನ್ನೆ

ಭಾದ್ರಪದದ ಅಮಾವಾಸ್ಯೆಗೆ ಎರಡೇ ದಿನ ಉಳಿದಿರುವಾಗ ದಾನೇಶ್ವರಿಗೆ ಆ ವಿಷಯ ಹೊಳೆಯಿತು. ಅದನ್ನು ತೋರಿಸಿಕೊಟ್ಟದ್ದು ಗೋಡೆಯ ಮೇಲಿನ ಹಳೇ ಮೊಳೆಗೆ ತೂಗುಬಿದ್ದಿದ್ದ, ನೂಲಿನ ಸೊಸೈಟಿಯವರು ಪುಕ್ಕಟೆ ಹಂಚಿದ ಕ್ಯಾಲೆಂಡರು. ಕೋಟಿ ಬೆಲೆಯ ಯಂತ್ರ ಆರು ತಿಂಗಳಿಂದ ಅವಳ ಕಣ್ಣೆದುರೇ ಕೂತಿತ್ತು, ಬಾಯಿ ಬಿಟ್ಟಿರಲಿಲ್ಲ.

ನೂಲಹಟ್ಟಿ ಪವರ್‌ಲೂಮಿನ ಊರು. ಮನೆಗೆರಡು ಮಗ್ಗ, ಗೋಡೆಗೆ ಗೋಡೆ ಹತ್ತಿದ ಮನೆಗಳು, ಹಗಲೂ ರಾತ್ರಿ ಖಟಾಪಟ ಸಪ್ಪಳ. ಹೊಸದಾಗಿ ಬಂದವರಿಗೆ ಮೊದಲ ವಾರ ನಿದ್ದೆ ಹತ್ತುವುದಿಲ್ಲ. ಅಲ್ಲೇ ಹುಟ್ಟಿದವರಿಗೆ ಬೇರೆ ಊರಲ್ಲಿ ನಿದ್ದೆ ಹತ್ತುವುದಿಲ್ಲ. ಆ ಊರಿನ ಹೃದಯ ಕೇಂದ್ರದಲ್ಲಿ ಒಂದು ಕೋಣೆಗೆ ನಾಡಿಕೋಣೆ ಎಂದು ಹೆಸರು. ದಾನೇಶ್ವರಿ ಅದರ ಮೇಲ್ವಿಚಾರಕಿ. ಅವಳ ಎದುರಿನ ಪರದೆಯಲ್ಲಿ ಆರುನೂರ ಹನ್ನೆರಡು ಹಸಿರು ಚುಕ್ಕಿಗಳಿದ್ದವು, ಒಂದೊಂದೂ ಊರಿನ ಒಬ್ಬೊಬ್ಬರ ಹೃದಯ.

ಹೃದಯಕ್ಕೆ ಬಡಿ ಎಂದು ಹೇಳುವ ಮಿಂಚು ಮೇಲಿನ ಕೋಣೆಯಲ್ಲಿ ಹುಟ್ಟಿ ಕೆಳಗಿನ ಕೋಣೆಗೆ ಇಳಿಯುತ್ತದೆ. ಕೆಲವರಲ್ಲಿ ಅದು ನಡುದಾರಿಯಲ್ಲೇ ಕಳೆದುಹೋಗುತ್ತದೆ. ಅಂಥವರು, ಮತ್ತು ಯಾಕೆಂದು ಯಾವ ಡಾಕ್ಟರಿಗೂ ತಿಳಿಯದೆ ನಿಂತ ನಿಲುವಿನಲ್ಲೇ ಎಚ್ಚರ ತಪ್ಪಿ ಬೀಳುವವರು, ಎದೆಯೊಳಗೆ ಪೇಸ್‌ಮೇಕರ್ ಇಟ್ಟುಕೊಳ್ಳುತ್ತಿದ್ದರು. ತಂತಿ ಇಲ್ಲದ ಹೊಸ ಮಾದರಿ, ಗಾತ್ರದಲ್ಲಿ ಜ್ವರದ ಮಾತ್ರೆಯಷ್ಟು. ಊರವರು ಅದಕ್ಕೆ ಗುಳಿಗೆ ಎಂದೇ ಹೆಸರಿಟ್ಟರು.

ಗುಳಿಗೆಗೆ ಎರಡು ಜಾಣತನ ಇದ್ದವು. ಮೈ ಅಲುಗುವುದನ್ನು ಅದು ಗ್ರಹಿಸುತ್ತಿತ್ತು. ನಡೆದರೆ ಬಡಿತ ಏರಿಸುತ್ತಿತ್ತು, ಕೂತರೆ ಇಳಿಸುತ್ತಿತ್ತು. ಎರಡನೆಯದು, ತನ್ನ ಯಜಮಾನ ಸತ್ತದ್ದು ಅದಕ್ಕೆ ಗೊತ್ತಾಗುತ್ತಿತ್ತು. ಸತ್ತವರ ಎದೆಯಿಂದ ಗುಳಿಗೆ ತೆಗೆದು, ಶುದ್ಧ ಮಾಡಿ, ಇಲ್ಲದವರಿಗೆ ಹಾಕುವುದು ಕೇಂದ್ರದ ಪದ್ಧತಿ. ಹೆಣದೊಳಗೆ ದುಡಿದು ಬ್ಯಾಟರಿ ಸವೆಯಬಾರದಲ್ಲ. ಹೃದಯಕ್ಕೆ ಸ್ವಂತ ಬಡಿತವಿಲ್ಲದೆ, ಮೈಯ ಅಲುಗಾಟ ಸೊನ್ನೆಗಿಂತ ಕೆಳಗಿಳಿದು ಎರಡು ನಿಮಿಷ ಕಳೆದರೆ ಗುಳಿಗೆ ಯಜಮಾನ ತೀರಿಕೊಂಡ ಎಂದು ತಿಳಿದು ಮಲಗುತ್ತಿತ್ತು. ಜೋರಾದ ಏಟು ಬಿದ್ದರೆ ಮತ್ತೆ ಏಳುತ್ತಿತ್ತು.

ಸೊನ್ನೆ ಎಂದರೆ ಎಷ್ಟು ಎಂದು ಅದಕ್ಕೆ ಕಲಿಸಿದವಳು ದಾನೇಶ್ವರಿಯೇ. ಮೊದಲ ವರ್ಷಗಳಲ್ಲಿ ಮಗ್ಗದ ಮುಂದೆ ಸುಮ್ಮನೆ ಕೂತವರ ಎದೆಯೂ ನೂರಿಪ್ಪತ್ತು ಸಲ ಬಡಿಯುತ್ತಿತ್ತು. ನೆಲದ ಅದುರನ್ನು ಗುಳಿಗೆ ಓಟ ಎಂದುಕೊಂಡಿತ್ತು. ದಾನೇಶ್ವರಿ ತಿಂಗಳುಗಟ್ಟಲೆ ಊರಿನ ಅದುರನ್ನು ದಾಖಲಿಸಿ, ಗುಳಿಗೆಗಳಿಗೆಲ್ಲ ಪಾಠ ಹೇಳುವ ‘ಗುರು’ ಎಂಬ ಯಂತ್ರಕ್ಕೆ ಒಂದು ಸೂತ್ರ ಬರೆದುಕೊಟ್ಟಳು. ಎಲ್ಲರ ಎದೆಯನ್ನೂ ಒಟ್ಟಿಗೆ ಅಲುಗಿಸುವುದು ಊರಿನದು, ಒಬ್ಬರ ಎದೆಯನ್ನಷ್ಟೇ ಅಲುಗಿಸುವುದು ಮೈಯದು. ಊರಿನದನ್ನು ಕಳೆದುಬಿಡು, ಅದೇ ನಿನ್ನ ಸೊನ್ನೆ. ಈ ಸಲದ ಯುಗಾದಿಗೆ ಸೂತ್ರ ಜಾರಿಗೆ ಬಂತು. ಕಂಪನಿಯವರು ಶಾಲು ಹೊದಿಸಿದರು, ಫಲಕ ಕೊಟ್ಟರು, ಫೋಟೋ ತೆಗೆದರು.

ಈಗ ಅವಳು ಆ ಫಲಕದ ಕೆಳಗೇ ಕೂತು, ಬಿದ್ದವರ ಪಟ್ಟಿಯನ್ನು ಕ್ಯಾಲೆಂಡರಿಗೆ ಹಿಡಿದು ನೋಡುತ್ತಿದ್ದಳು. ಮಣ್ಣೆತ್ತಿನ ಅಮಾವಾಸ್ಯೆಗೆ ಮೂವರು ಎಚ್ಚರ ತಪ್ಪಿ ಬಿದ್ದಿದ್ದರು. ನಾಗರ ಅಮಾವಾಸ್ಯೆಗೆ ಒಂಬತ್ತು ಮಂದಿ, ಜೊತೆಗೆ ಹಾಸಿಗೆಯಲ್ಲೇ ಒಂದು ಸಾವು. ಬೆನಕನ ಅಮಾವಾಸ್ಯೆಗೆ ಇಪ್ಪತ್ತೊಂದು ಮಂದಿ, ಹಾಸಿಗೆಯಲ್ಲಿ ಮೂರು ಸಾವು. ಬೇರೆ ದಿನಗಳಲ್ಲಿ ಒಬ್ಬರೂ ಬಿದ್ದಿರಲಿಲ್ಲ.

ಅಮಾವಾಸ್ಯೆಯ ದಿನ ನೂಲಹಟ್ಟಿಯಲ್ಲಿ ಲಾಳಿ ಓಡುವುದಿಲ್ಲ. ಅಜ್ಜ ಮುತ್ತಜ್ಜರ ಕಾಲದಿಂದ ಬಂದದ್ದು. ಮಗ್ಗ ಒರೆಸಿ, ಕುಂಕುಮ ಹಚ್ಚಿ, ಕಾಯಿ ಒಡೆದು ಬಿಟ್ಟರೆ ಮರುದಿನ ಬೆಳಗಿನವರೆಗೆ ಯಾರೂ ಮುಟ್ಟುವುದಿಲ್ಲ. ಊರಿನ ಅದುರನ್ನು ದಾಖಲಿಸುವಾಗ ದಾನೇಶ್ವರಿಯೂ ಅಮಾವಾಸ್ಯೆಯ ದಿನ ಬಿಟ್ಟೇ ದಾಖಲಿಸಿದ್ದಳು. ರಜೆಯ ದಿನ ಯಾರಾದರೂ ಲೆಕ್ಕ ಹಿಡಿಯುತ್ತಾರೆಯೇ? ಅವಳೂ ಅವತ್ತು ಹೋಳಿಗೆ ಉಂಡು ಮಲಗಿದ್ದಳು. ಹೀಗಾಗಿ ಗುಳಿಗೆಗಳಿಗೆ ನಿಶ್ಶಬ್ದ ಎಂದರೇನೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಮಗ್ಗ ನಿಂತಾಗ ಸೊನ್ನೆಗಿಂತ ಕೆಳಗೆ ಹೋದ ಎದೆಯನ್ನು ಅವು ಹೆಣ ಎಂದುಕೊಂಡವು, ಅದನ್ನೇ ತಿಂಗಳಿಂದ ತಿಂಗಳಿಗೆ ಗಟ್ಟಿಮಾಡಿಕೊಂಡವು. ಕೂತವರು ಉರುಳಿ ನೆಲಕ್ಕೆ ಬಡಿದರು, ಆ ಏಟಿಗೆ ಗುಳಿಗೆ ಎದ್ದಿತು, ಅವರು ಬದುಕಿದರು. ಮೆತ್ತನೆ ಹಾಸಿಗೆಯಲ್ಲಿದ್ದವರಿಗೆ ಏಟು ಎಲ್ಲಿಂದ ಬೀಳಬೇಕು?

ಸ್ವಂತ ಬಡಿತವೇ ಇಲ್ಲದೆ ಪೂರ್ತಿ ಗುಳಿಗೆಯನ್ನೇ ನಂಬಿದವರು ನೂರ ಮೂವತ್ತೆಂಟು ಮಂದಿ. ಆ ಪಟ್ಟಿಯ ಎಂಟನೆಯ ಹೆಸರು ಗುರಸಿದ್ದವ್ವ, ದಾನೇಶ್ವರಿಯ ಅಕ್ಕ ಸಿದ್ದಕ್ಕ.

*

ಅವ್ವ ಸತ್ತಾಗ ದಾನೇಶ್ವರಿಗೆ ನಾಲ್ಕು ವರ್ಷ. ಹದಿನೇಳು ವರ್ಷ ದೊಡ್ಡವಳಾದ ಸಿದ್ದಕ್ಕನೇ ಅವಳನ್ನು ಬೆಳೆಸಿದಳು, ಓದಿಸಿದಳು. ಸಿದ್ದಕ್ಕನಿಗೆ ಮದುವೆಯಾಗಲಿಲ್ಲ. ನೀರು ತರುವಾಗ, ನೂಲಿನ ಕಂಡಿಕೆ ಸುತ್ತುವಾಗ, ಒಮ್ಮೆ ನೋಡಲು ಬಂದ ಗಂಡಿನ ಎದುರಿಗೇ ಚಹಾದ ತಾಟು ಹಿಡಿದು ಬಿದ್ದವಳು. ಬೀಳೋ ಹುಡುಗಿ ಎಂದು ಊರು ಹೆಸರಿಟ್ಟಿತು. ಗಾಳಿ ಎಂದರು, ತಾಯತ ಕಟ್ಟಿದರು, ಬೇವಿನ ಸೊಪ್ಪಿನಿಂದ ಹೊಡೆದರು. ಮೂರು ವರ್ಷದ ಹಿಂದೆ ತಂಗಿಯ ಕೇಂದ್ರದಲ್ಲೇ ಗುಳಿಗೆ ಹಾಕಿಸಿಕೊಂಡ ಮೇಲೆ ಬೀಳುವುದು ನಿಂತಿತ್ತು.

ಬೆನಕನ ಅಮಾವಾಸ್ಯೆಯ ದಿನ ಅಕ್ಕಿ ಆರಿಸುತ್ತಾ ಕೂತವಳು ಮೊರದ ಮೇಲೆ ಬಿದ್ದಿದ್ದಳು. “ಅಮಾಸಿಗಷ್ಟ ತೆಲಿ ತಿರಗತೈತಿ ದಾನಿ” ಎಂದು ಅವತ್ತೇ ಹೇಳಿದ್ದಳು. ದಾನೇಶ್ವರಿ ನಕ್ಕಿದ್ದಳು. ಅಮಾವಾಸ್ಯೆಗೂ ಹೃದಯಕ್ಕೂ ಗಂಟು ಹಾಕುವುದು ಓದಿದವರ ಲಕ್ಷಣವೇ? 

ಸಂಜೆ ಮನೆಗೆ ಬಂದಾಗ ಸಿದ್ದಕ್ಕ ಮಗ್ಗದ ಮುಂದೆ ಕಡಿದ ಎಳೆ ಗಂಟು ಹಾಕುತ್ತಿದ್ದಳು. ದಾನೇಶ್ವರಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಮಗ್ಗದ ಸಪ್ಪಳಕ್ಕೆ ಸರಿಯಾಗಿ ಕೂಗಿಯೇ ಹೇಳಬೇಕಾಯಿತು. ಅಕ್ಕ ಕೊನೆಗೆ ಮಗ್ಗ ನಿಲ್ಲಿಸಿ ಕೈ ಒರೆಸಿಕೊಂಡಳು.

“ಅಂದ್ರ ನಾ ಸತ್ತೇನಿ ಅಂತ ಅದು ತಿಳಕೋತೈತಿ?”

“ಹೂಂ ಅಕ್ಕಾ. ಅದಕ್ಕ ನಾಡದು ಅಮಾಸಿಗೆ ಮಗ್ಗ ನಿಲ್ಲಸಬ್ಯಾಡ. ಊರಾಗ ಯಾರೂ ನಿಲ್ಲಸಬಾರದು.”

“ಬುದ್ಧಿ ನೆಟ್ಟಗೈತೇನ ನಿಂದು?”

“ನಿನ್ನ ಜೀವದ ಮಾತದು.”

ಸಿದ್ದಕ್ಕ ಕೈಗಂಟಿದ ಎಳೆ ಬಿಡಿಸಿ ಪಕ್ಕಕ್ಕಿಟ್ಟಳು. ಆಮೇಲೆ ಸಾವಕಾಶ ಹೇಳಿದಳು: “ತಿಂಗಳಾಗ ಇಪ್ಪತ್ತೊಂಬತ್ತು ದಿನ ನಾ ಮಗ್ಗದ ಸಪ್ಪಳ ಕೇಳತೇನಿ. ಅಮಾಸಿಗೊಂದ ದಿನ ನನ್ನ ಎದಿ ಸಪ್ಪಳ ಕೇಳತೈತಿ. ಮಧ್ಯಾನ್ಹ ಉಂಡು ಗ್ವಾಡಿಗೆ ಆತು ಕುಂತ್ರ ಡಬ್ ಡಬ್ ಅಂತೈತಿ. ಬೀಳೋ ಹುಡಿಗಿ ಇನ್ನೂ ಅದಾಳ ಅಂತ ನನಗ ಖಾತ್ರಿ ಆಗತೈತಿ. ಅದೊಂದ ದಿನಾನೂ ಕಸಗೊಂಡ್ರ ಏನ ಉಳೀತು?”

“ಅಕ್ಕಾ, ನೀ ಹೋದ್ರ ನನಗ ಯಾರದಾರ?”

“ಅಳಬ್ಯಾಡ. ಊರಾಗ ಬೇಕಾದವರು ಮಗ್ಗ ಓಡಸಲಿ. ನನ್ನ ಮಗ್ಗ ಮಾತ್ರ ಓಡಂಗಿಲ್ಲ” ಎಂದು ಸಿದ್ದಕ್ಕ ಒಲೆಯ ಕಡೆ ಎದ್ದುಹೋದಳು. ದಾನೇಶ್ವರಿ ಅಷ್ಟಕ್ಕೇ ಸಮಾಧಾನಪಟ್ಟುಕೊಂಡಳು. ಅಕ್ಕಪಕ್ಕದ ಹತ್ತು ಮಗ್ಗ ಓಡಿದರೆ ಅಕ್ಕನ ನೆಲವೂ ಅದುರುತ್ತದೆ.

*

ಮರುದಿನ ಕೇಂದ್ರದ ಡಾಕ್ಟರ್ ತೊರಗಲ್ ಆ ಪಟ್ಟಿಯನ್ನು ತಾವೇ ಎರಡು ಸಲ ಕ್ಯಾಲೆಂಡರಿಗೆ ಹಿಡಿದು ನೋಡಿದರು. ಅಮಾಸಿ ಗಾಳಿ ಎಂದು ಬಂದವರನ್ನೆಲ್ಲ ಬೈದು ಕಳಿಸಿದ ಮನುಷ್ಯ ಅವರು. ಇಬ್ಬರೂ ಕೂಡಿ ಕಂಪನಿಗೆ ಫೋನು ಹಚ್ಚಿದರು.

“ಸಾವಿನ ನಿಯಮವನ್ನು ನೀವು ಅಲ್ಲಿಂದ ತೆಗೆಯುವಂತಿಲ್ಲ, ಅದರ ಬೀಗ ನಮ್ಮ ಬಳಿ ಇದೆ” ಎಂದಳು ಆ ಕಡೆಯ ಅಧಿಕಾರಿ. ಮೃದುವಾದ, ತಿದ್ದಿದ ದನಿ. “ಬದಲಾವಣೆಗೆ ಮೂರು ವಾರದ ಪರೀಕ್ಷೆ ಕಡ್ಡಾಯ. ಅಲ್ಲಿಯವರೆಗೆ ಮಗ್ಗಗಳು ನಿಲ್ಲದಂತೆ ನೋಡಿಕೊಳ್ಳಿ. ಇನ್ನೊಂದು ಸಹಾಯ ಮಾಡಬಹುದು. ಗುರು ಈಗ ತಿಂಗಳಿಗೊಮ್ಮೆ ಪಾಠ ಬದಲಿಸುತ್ತದೆ. ದಿನಕ್ಕೊಮ್ಮೆ ಮಾಡುತ್ತೇವೆ. ಬೇಗ ಕಲಿತರೆ ಬೇಗ ಸರಿಹೋಗುತ್ತದೆ.”

“ಮಾಡ್ರಿ ಮೇಡಂ, ಪುಣ್ಯ ಬರತೈತಿ” ಎಂದಳು ದಾನೇಶ್ವರಿ.

ನೇಕಾರರ ಸಂಘದ ಹಿರಿಯ ಸಂಗಪ್ಪಕಾಕಾನನ್ನು ಒಪ್ಪಿಸುವುದು ಅವಳೆಣಿಸಿದಷ್ಟು ಕಷ್ಟವಾಗಲಿಲ್ಲ. ಬೆನಕನ ಅಮಾವಾಸ್ಯೆಗೆ ಹಾಸಿಗೆಯಲ್ಲಿ ಹೋದ ಮೂವರಲ್ಲಿ ಅವನ ಹೆಂಡತಿಯೂ ಒಬ್ಬಳು. ಅವನು ಬಹಳ ಹೊತ್ತು ರುಮಾಲಿನ ಚುಂಗಿನಿಂದ ಕಣ್ಣು ಒತ್ತಿಕೊಂಡ.

“ಹಾಸಿನ ನೂಲು ಬಿಚ್ಚಿ ಬರೇ ಮಗ್ಗ ಓಡಸೂಣು. ನೂಲಿಲ್ಲದ ಮಗ್ಗ ಓಡಿದ್ರ ಅದು ನೇಕಾರಿಕಿ ಅಲ್ಲ. ದೇವರು ಕೇಳಿದ್ರ ನಾ ಉತ್ತರ ಕೊಡತೇನಿ” ಎಂದ.

ದಾನೇಶ್ವರಿ ಸಂಜೆಯವರೆಗೆ ಓಣಿ ಓಣಿ ತಿರುಗಿದಳು. ಗುಡಿಯಲ್ಲಿ, ಸೊಸೈಟಿಯಲ್ಲಿ, ಪಂಚಾಯ್ತಿಯಲ್ಲಿ, ಹೋಟೆಲಿನಲ್ಲಿ ಎಲ್ಲರಿಗೂ ಹೇಳಿದಳು. ಒಬ್ಬರಿಗೆ ಹೇಳುವುದನ್ನು ಮರೆತಳು.

*

ಅಮಾವಾಸ್ಯೆಯ ಬೆಳಗ್ಗೆ ಊರಿನಲ್ಲಿ ಖಾಲಿ ಮಗ್ಗಗಳು ಓಡಿದವು. ನೂಲಿಲ್ಲದ ಮಗ್ಗದ ಸಪ್ಪಳ ಬೇರೆಯೇ ಇರುತ್ತದೆ. ಹಲ್ಲಿಲ್ಲದ ಮುದುಕ ಅಗಿದಂತೆ ಬರೀ ದವಡೆ ಆಡುತ್ತದೆ. ಪೂಜೆಗೆ ಕೂತವರು ಮಗ್ಗದ ಮೋರೆ ನೋಡದೆ ಕುಂಕುಮ ಹಚ್ಚಿದರು. ಸಿದ್ದಕ್ಕ ತನ್ನ ಮಗ್ಗ ಮುಟ್ಟಲಿಲ್ಲ. ಗೋಡೆಯಾಚೆಯ ಮಗ್ಗಗಳಿಗೆ ಅವಳ ಮನೆಯ ಪಾತ್ರೆಗಳು ಗಿಲಗಿಲ ಎನ್ನುತ್ತಿದ್ದವು. “ನಾ ಬಿಟ್ರೂ ಊರು ನನ್ನ ಬಿಡವಲ್ದು” ಎಂದು ಗೊಣಗಿ ಹೋಳಿಗೆಗೆ ಹೂರಣ ರುಬ್ಬಿದಳು.

ಹನ್ನೊಂದು ಗಂಟೆಗೆ ಸಪ್ಪಳ ಒಮ್ಮೆಲೇ ನಿಂತಿತು. ಒಂದು ಮಗ್ಗ ನಿಲ್ಲುವುದು, ಇನ್ನೊಂದು ನಿಲ್ಲುವುದು ಹಾಗಲ್ಲ, ಇಡೀ ಊರೇ ನಿಂತಿತು. ದಾನೇಶ್ವರಿ ದೀಪದ ಸ್ವಿಚ್ಚು ಒತ್ತಿ ನೋಡಿದಳು, ಕರೆಂಟಿರಲಿಲ್ಲ. ಅಮಾವಾಸ್ಯೆಗೆ ಮಗ್ಗ ಓಡುವುದಿಲ್ಲವೆಂದು ಕರೆಂಟಿನವರು ಲೈನು ದುರಸ್ತಿಯನ್ನು ಯಾವಾಗಲೂ ಅದೇ ದಿನ ಇಟ್ಟುಕೊಳ್ಳುತ್ತಿದ್ದರು. ಊರಿಗೆಲ್ಲ ಹೇಳಿದವಳು ಅವರಿಗೆ ಹೇಳಿರಲಿಲ್ಲ. ಮತ್ತೆ ಅಮಾವಾಸ್ಯೆಯೇ ಅವಳ ಲೆಕ್ಕ ತಪ್ಪಿಸಿತ್ತು.

ಫೋನು ಮಾಡಿದರೆ ಸೆಕ್ಷನ್ ಆಫೀಸಿನವನು, “ತಂತಿ ಎಲ್ಲಾ ಕೆಳಗಿಳಿಸೇವ್ರಿ ಅಕ್ಕಾರ. ಐದರ ಮಟಾ ಏನೂ ಮಾಡಾಕ ಬರಂಗಿಲ್ಲ” ಎಂದ.

ದಾನೇಶ್ವರಿ ಅಕ್ಕನ ರಟ್ಟೆ ಹಿಡಿದು ಎಬ್ಬಿಸಿದಳು. “ನಡಿ ಅಕ್ಕಾ. ಕುಂಡರಬ್ಯಾಡ. ನಡಕೋತ ಇದ್ರ ಗುಳಿಗಿಗೆ ನೀ ಅದೀ ಅಂತ ಗೊತ್ತಾಗತೈತಿ.” ಅಲ್ಲಿಂದ ಓಣಿಗೆ ಓಡಿ ಬಾಗಿಲು ಬಾಗಿಲು ಬಡಿದಳು. ಗುಳಿಗೆ ಇದ್ದವರೆಲ್ಲ ಏಳಿ, ನಡೆಯಿರಿ, ಕೂಡಬೇಡಿ, ಮಲಗಬೇಡಿ. ಸಂಗಪ್ಪಕಾಕಾ ಹಲಗೆಯವನನ್ನು ಕರೆಸಿ ಡಂಗುರ ಸಾರಿಸಿದ.

ಅರ್ಧ ತಾಸಿನಲ್ಲಿ ಊರಿನ ದೊಡ್ಡ ಓಣಿ ತುಂಬಿತು. ಉರಿಬಿಸಿಲಲ್ಲಿ ಐನೂರಕ್ಕೂ ಹೆಚ್ಚು ಮಂದಿ ಗುಡಿಯಿಂದ ಸೊಸೈಟಿಯವರೆಗೆ, ಸೊಸೈಟಿಯಿಂದ ಗುಡಿಯವರೆಗೆ ನಡೆದರು. ಸೊಸೆಯಂದಿರು ಅತ್ತೆಯರ ಕೈ ಹಿಡಿದಿದ್ದರು. ಏಳಲಾರದವರನ್ನು ಮನೆಯವರು ಜೋಕಾಲಿಗೆ ಹಾಕಿ ತೂಗಿದರು. ಮೊದಮೊದಲು ಒಬ್ಬೊಬ್ಬರದು ಒಂದೊಂದು ಹೆಜ್ಜೆ. ಆಯಾಸವಾದಂತೆ ಯಾರೋ ಭಜನೆಯ ಪದ ಎತ್ತಿಕೊಂಡರು, ಹಲಗೆಯವನು ತಾಳ ಹಿಡಿದ, ಓಣಿಯ ಹೆಜ್ಜೆಗಳೆಲ್ಲ ಕೂಡಿ ಒಂದಾದವು. ಆ ಸಪ್ಪಳ ಕೇಳಿ ದಾನೇಶ್ವರಿಗೆ ಹಿಗ್ಗೆನಿಸಿತು. ಊರು ಅಂದರೆ ಇದು ಅಂದುಕೊಂಡಳು.

“ನಮ್ಮೂರ ಮಂದಿ ಕಾಲಸಪ್ಪಳ ನಾ ಇವತ್ತ ಕೇಳಿದ್ದು ನೋಡು” ಎಂದಳು ಸಿದ್ದಕ್ಕ. ಅವಳ ಮುಖ ಕೆಂಪಾಗಿತ್ತು, ಸೀರೆ ಬೆವರಿಗೆ ಬೆನ್ನಿಗಂಟಿತ್ತು.

ಐದಕ್ಕೆ ಕರೆಂಟು ಬಂತು. ಖಾಲಿ ಮಗ್ಗಗಳು ಮತ್ತೆ ಓಡಿದವು. ಅವತ್ತು ಒಬ್ಬರೂ ಬೀಳಲಿಲ್ಲ, ಒಬ್ಬರೂ ಸಾಯಲಿಲ್ಲ. ಅಕ್ಕತಂಗಿಯರು ತಣ್ಣಗಾದ ಹೋಳಿಗೆ ತಿಂದು, ಕಾಲಿಗೆ ಎಣ್ಣೆ ತಿಕ್ಕಿಕೊಂಡು ಮಲಗಿದರು. ಹಾಸಿಗೆಯ ಬದಿಯಲ್ಲಿ, ಗುಳಿಗೆಗೆ ಗುರುವಿನ ಪಾಠ ಮುಟ್ಟಿಸುವ ಪೆಟ್ಟಿಗೆ ಎಂದಿನಂತೆ ಮಿಣುಕುತ್ತಿತ್ತು. ಆ ದಿನ ಓಣಿಯಲ್ಲಿ ನಡೆದದ್ದೆಲ್ಲ ಅದರೊಳಗಿನಿಂದ ಗುರುವಿಗೆ ಹೋಯಿತು.

*

ಮರುದಿನ ಎಂಟು ಗಂಟೆಗೆ ದಾನೇಶ್ವರಿ ನಾಡಿಕೋಣೆಗೆ ಬಂದಾಗ ಡಾಕ್ಟರ್ ತೊರಗಲ್ ಮೊದಲೇ ಬಂದು ಪರದೆಯ ಮುಂದೆ ನಿಂತಿದ್ದರು. ಮೂರು ಚುಕ್ಕಿಗಳು ಬೂದಿಯ ಬಣ್ಣಕ್ಕೆ ತಿರುಗಿದ್ದವು.

“ಮೂರೂ ಹಾಸಿಗಿ ಹಿಡದವರು. ಆರೂ ಹತ್ತಕ್ಕ ಹೋಗ್ಯಾರ” ಎಂದರು. “ಮಗ್ಗ ಓಡಾಕತ್ತಾವಲ್ಲ ದಾನೇಶ್ವರಿ. ಮತ್ತ ಯಾಕ?”

ಮೇಜಿನ ಮೇಲೆ ಕಂಪನಿಯ ಸಂದೇಶ ಇತ್ತು. ನಿನ್ನೆ ಒಂದೂ ಅನಾಹುತ ಆಗದ್ದಕ್ಕೆ ಅಭಿನಂದನೆ. ಹೊಸ ಪಾಠ ಬೆಳಗ್ಗೆ ಆರಕ್ಕೆ ಎಲ್ಲ ಗುಳಿಗೆಗಳಿಗೂ ತಲುಪಿದೆ. ದಾನೇಶ್ವರಿ ಪಾಠ ತೆರೆದು ಓದಿದಳು. 

ಎಲ್ಲರ ಎದೆಯನ್ನೂ ಒಟ್ಟಿಗೆ ಅಲುಗಿಸುವುದು ಊರಿನದು. ಅವಳದೇ ಸೂತ್ರ. ನಿನ್ನೆ ಆರು ತಾಸು ಊರಿಗೆ ಊರೇ ಒಂದೇ ಹೆಜ್ಜೆಯಲ್ಲಿ ನಡೆದಿತ್ತು. ಗುರು ಅದನ್ನೂ ಊರಿನದೆಂದು ತಿಳಿದು ಕಳೆದುಬಿಟ್ಟಿತ್ತು. ಈಗ ನಡೆಯುವುದೇ ಸೊನ್ನೆ. ಮಗ್ಗದ ಮುಂದೆ ಕೂತವರು, ಒಲೆಯ ಮುಂದೆ ಕೂತವರು, ಮಲಗಿದವರು ಎಲ್ಲರೂ ಸೊನ್ನೆಯ ಕೆಳಗೇ.

“ಪಾಠ ವಾಪಸ್ ತೊಗೊಳ್ಳಾಕ ಬರತೈತೇನು?” ಡಾಕ್ಟರು ಕೇಳಿದರು.

“ಇಲ್ರಿ, ಇನ್ನ ಹೊಸ ಪಾಠ ಬರೂದು ನಾಳೆ ಆರಕ್ಕ. ಪೆಟ್ಟಿಗಿ ಕಿತ್ತ ಒಗದ್ರೂ ಉಪಯೋಗ ಇಲ್ಲ, ಗುಳಿಗಿ ಗ್ವಾಡಿ ಆಚೀ ಪೆಟ್ಟಿಗಿಂದ ಪಾಠ ಎಳಕೋತೈತಿ.”

ಹಬ್ಬ ಕಳೆದ ಪಾಡ್ಯ. ಬೆಳಗಿನಿಂದ ಕಸ, ನೀರು, ಹಾಸು ಹೂಡುವುದು ಎಂದು ಮೈ ಬಗ್ಗಿಸಿ ದುಡಿದವರು ಅದರಿಂದಲೇ ಉಳಿದಿದ್ದರು, ಈಗ ಎಲ್ಲ ಮನೆಗಳಲ್ಲೂ ಮಗ್ಗದ ಮುಂದೆ ಕೂಡುವ ಹೊತ್ತು. ಮೈಕು ಎದುರಿಗೇ ಇತ್ತು. ಗುಂಡಿ ಒತ್ತಿದರೆ ಪ್ರತಿ ಮನೆಯ ಪೆಟ್ಟಿಗೆಯಲ್ಲೂ ಅವಳ ದನಿ ಕೇಳುತ್ತಿತ್ತು. ದಾನೇಶ್ವರಿ ಗುಂಡಿಯ ಮೇಲೆ ಬೆರಳಿಟ್ಟವಳು ಒತ್ತಲಿಲ್ಲ. ಇನ್ನೊಂದು ಕೈಯಿಂದ ಅಕ್ಕನಿಗೆ ಫೋನು ಮಾಡಿದಳು.

“ಅಕ್ಕಾ, ಎಲ್ಲಿದ್ದೀ?”

“ಹಿತ್ತಲದಾಗ ಬಟ್ಟಿ ಒಗ್ಯಾಕತ್ತೇನಿ.”

“ಅದನ್ನ ಬಿಡು. ಓಡು. ಜೋರಾಗಿ ಓಡು. ಕುಂಡರಬ್ಯಾಡ.”

“ನಿನ್ನೆ ನಡದದ್ದು ಸಾಲಲಿಲ್ಲೇನ? ಮಂದಿಗೆಲ್ಲಾ ಹೇಳೀದಿ?”

ದಾನೇಶ್ವರಿ ಮಾತಾಡಲಿಲ್ಲ. ಎಲ್ಲರಿಗೂ ಹೇಳಿದರೆ ಎಲ್ಲರೂ ಓಡುತ್ತಾರೆ, ನಾಳೆ ಆರಕ್ಕೆ ಓಟವೇ ಸೊನ್ನೆಯಾಗುತ್ತದೆ. ಅಕ್ಕ ಒಬ್ಬಳೇ ಓಡಿದರೆ ಅದು ಮೈಯದು, ಅಕ್ಕ ಉಳಿಯುತ್ತಾಳೆ. ತಾನು ಇಂಥ ಲೆಕ್ಕ ಹಾಕುವವಳು ಎಂದು ಅವಳಿಗೆ ಇವತ್ತಿನವರೆಗೆ ಗೊತ್ತಿರಲಿಲ್ಲ. ನಾಚಿಕೆಯಿಂದ ಅವಳ ಕಿವಿ ಉರಿದವು, ಆದರೂ ಬೆರಳು ಅಲುಗಲಿಲ್ಲ.

“ದಾನಿ,” ಎಂದಳು ಸಿದ್ದಕ್ಕ. ನಾಲ್ಕು ವರ್ಷದ ಕೂಸನ್ನು ಎತ್ತಿಕೊಂಡು ಬೆಳೆಸಿದವಳಿಗೆ ಆ ಮೌನ ಓದಲು ಹೆಚ್ಚು ಹೊತ್ತು ಬೇಕಾಗಲಿಲ್ಲ. “ಮಂದಿಗೆ ಹೇಳು. ನಾಳಿಂದು ನಾಳಿಗೆ.”

ದಾನೇಶ್ವರಿ ಗುಂಡಿ ಒತ್ತಿದಳು.

“ಗುಳಿಗಿ ಇದ್ದವರೆಲ್ಲಾ ಏಳ್ರಿ. ಮಗ್ಗ ಬಿಟ್ಟು ಹೊರಗ ಬಂದು ಓಡ್ರಿ. ಮಲಗಿದವರನ್ನ ಎಬ್ಬಿಸಿ ಅಲುಗಸ್ರಿ. ಆದ್ರ ಕೈ ಮುಗೀತೇನಿ, ಕೂಡಿ ಓಡಬ್ಯಾಡ್ರಿ. ಹಲಗಿ ಬಡೀಬ್ಯಾಡ್ರಿ, ಪದಾ ಹೇಳಬ್ಯಾಡ್ರಿ. ನಿಮ್ಮ ನಿಮ್ಮ ಹೆಜ್ಜಿ ನೀವ ಹಾಕ್ರಿ. ಒಬ್ಬರಂಗ ಒಬ್ಬರು ಹಾಕಬ್ಯಾಡ್ರಿ.”

ಮೂರು ಸಲ ಹೇಳಿ ಕಿಟಕಿ ತೆರೆದಳು. ಬಾಗಿಲುಗಳು ದಡಬಡಿಸಿದವು. ಜನ ಓಣಿಗೆ ಇಳಿದರು. ಆಲಿಕಲ್ಲು ತಗಡಿನ ಮೇಲೆ ಬಿದ್ದಂತೆ ಚೆಲ್ಲಾಪಿಲ್ಲಿ ಹೆಜ್ಜೆಗಳು, ಒಂದರಂತೆ ಒಂದಿಲ್ಲ. ಡಾಕ್ಟರು ಉಸಿರು ಬಿಟ್ಟರು. ದಾನೇಶ್ವರಿಯ ಕಣ್ಣಲ್ಲಿ ನೀರು ಬಂತು. ಕಿವಿಗಿಟ್ಟ ಫೋನಿನಲ್ಲಿ ಅಕ್ಕನ ಏದುಸಿರು, ಅವಳ ಬರಿಗಾಲ ಸಪ್ಪಳ.

ಗುಳಿಗೆ ಇಲ್ಲದವರ ಮಗ್ಗಗಳು ಮನೆಯೊಳಗೆ ಓಡುತ್ತಲೇ ಇದ್ದವು. ಹುಟ್ಟಿದಾಗಿನಿಂದ ಆ ಸಪ್ಪಳದಲ್ಲೇ ಉಂಡು, ಮಲಗಿ, ದುಡಿದ ಕಾಲುಗಳು ಹೊರಗೆ ಓಡುತ್ತಿದ್ದವು. ಮೂರು ನಿಮಿಷವೂ ಆಗಿರಲಿಲ್ಲ. ಗುಡಿಯ ಕಡೆಯ ಹೆಜ್ಜೆಗಳು ಮೊದಲು ಕೂಡಿಕೊಂಡವು, ಆಮೇಲೆ ಸೊಸೈಟಿಯ ಕಡೆಯವು. ಯಾರೂ ಬೇಕೆಂದು ಮಾಡಿದ್ದಲ್ಲ, ಬೇಡವೆಂದರೂ ಬಿಡಲಿಲ್ಲ. ಖಟಾಪಟ, ಖಟಾಪಟ. ಫೋನಿನಲ್ಲಿ ಅಕ್ಕನ ಹೆಜ್ಜೆಯೂ ನಿಧಾನವಾಗಿ ಅದಕ್ಕೆ ಹೊಂದಿಕೊಂಡಿತು.

“ಅಕ್ಕಾ, ಹೆಜ್ಜಿ ತಪ್ಪಸು” ಎಂದಳು ದಾನೇಶ್ವರಿ.

“ತಪ್ಪಸಾಕತ್ತೇನಿ” ಎಂದಳು ಸಿದ್ದಕ್ಕ, ಅದೇ ತಾಳದಲ್ಲಿ ಉಸಿರು ಬಿಡುತ್ತಾ.

ಪರದೆಯ ತಳದಲ್ಲಿ, ನಾಳೆ ಆರರ ಪಾಠಕ್ಕೆ ಗುರು ಎಳೆಯುತ್ತಿದ್ದ ಸೊನ್ನೆಯ ಗೆರೆ ಮೇಲಕ್ಕೇರತೊಡಗಿತು.